ಕಬ್ಬೂರಿನ ತೂತಿನ ಮನೆ

ಏಪ್ರಿಲ್ ಬಿಸಿಲಿನಲ್ಲಿ ಬುದ್ಧಿ ಇದ್ದವರು ಬಸ್ಸು ಹತ್ತುವುದಿಲ್ಲ. ನಾನು ಹತ್ತಿದೆ. ಹಿಂದಿನ ಸಂಜೆ ಕಬ್ಬೂರಿನಿಂದ ತಮ್ಮ ಮಾರುತಿ ಫೋನು ಮಾಡಿದ್ದ. "ಅಕ್ಕಾ, ತಂಪ ಇರತೈತಿ ಅಂತ ನೀ ಕಟ್ಟಿಸಿದ ಮನಿ ಕಾದ ಹಂಚ ಆಗೇತಿ. ಕೂಸಿಗೆ ಮೈತುಂಬ ಬೆವರಸಾಲಿ. ನಾಳಿದ್ದು ಅಳಿಯ ಗಾಡಿ ತಗೊಂಡ ಬಂದು ರೇಖಾನ್ನ ಕರಕೊಂಡ ಹೊಕ್ಕಾನಂತ."

ರೇಖಾ ಅವನ ಒಬ್ಬಳೇ ಮಗಳು. ಚೊಚ್ಚಲ ಹೆರಿಗೆಗೆ ತವರಿಗೆ ಬಂದವಳು. ಬಾಣಂತನ ಐದು ತಿಂಗಳು ತವರಿನಲ್ಲೇ ಆಗಬೇಕು. ಇವಳಿಗೆ ಒಂದೂ ತುಂಬಿರಲಿಲ್ಲ. ಅವಳ ಬಾಣಂತನ ತಂಪಾಗಿ ಆಗಲೆಂದೇ ಮಾರುತಿ ಬಿದ್ದೆದ್ದು ಆ ಮನೆ ಮುಗಿಸಿದ್ದ. ಈಗ ಮಗಳು ಅರ್ಧಕ್ಕೇ ಎದ್ದು ಹೋದರೆ ಅವನು ಊರಿಗೆ ಹೇಗೆ ಮುಖ ತೋರಿಸಬೇಕು?

ಬೆಳಗಾವಿಯಲ್ಲಿ ಹೆಂಗಸರ ಪುಕ್ಕಟೆ ಟಿಕೆಟ್ಟು ಸಿಕ್ಕಿತು, ಸೀಟು ಸಿಗಲಿಲ್ಲ. ಬಾಣಂತಿಗೆಂದು ಮಾಡಿದ ಅಂಟಿನ ಉಂಡಿಯ ಡಬ್ಬಿ ಅವಚಿಕೊಂಡು ಸಂಕೇಶ್ವರದ ತನಕ ನಿಂತೇ ಹೋದೆ. ಆಮೇಲೆ ಕಿಟಕಿ ಪಕ್ಕ ಜಾಗ ಸಿಕ್ಕಿತಾದರೂ ಸುಖವಿರಲಿಲ್ಲ. ಹೊರಗೆ ಕಬ್ಬು ಹಸಿರಾಗಿತ್ತು, ಒಳಗೆ ಬರುವ ಗಾಳಿ ಮಾತ್ರ ಒಲೆಯ ಮುಂದಿನದು. ಚಿಕ್ಕೋಡಿಯಲ್ಲಿ ಇಳಿದು ವಡಾಪಾವ್ ತಿಂದು ಮಜ್ಜಿಗೆ ಕುಡಿದೆ, ನಲವತ್ತು ರೂಪಾಯಿ. ಕಬ್ಬೂರಿನ ಬಸ್ಸು ಆಗಷ್ಟೇ ಹೋಗಿತ್ತು. "ಬಸಾ ಬಾಯಿ, ಬಸಾ, ಜಾಗಾ ಐತಿ" ಎಂದು ಟಂಟಂ ಆಟೊದವನು ಅರ್ಧ ಮರಾಠಿಯಲ್ಲಿ ಕೂರಲು ಕರೆದ. ಜಾಗ ಎಲ್ಲಿತ್ತೋ ಆ ದೇವರಿಗೇ ಗೊತ್ತು! ಹೇಗೋ ತೂರಿಕೊಂಡು ಕೂತು, ಮಾರುತಿಯ ಮನೆ ಎಂದೆ.

"ಓಹೋ, ತೂತಿನ ಮನಿಗೇನ್ರಿ? ಊರಿಗೆಲ್ಲಾ ಗೊತ್ತೈತಿ ಬಿಡ್ರಿ," ಎಂದು ನಕ್ಕ. ನನಗೆ ಮೈ ಉರಿಯಿತು. ಆ ತೂತುಗಳನ್ನು ಹಟ ಹಿಡಿದು ಇಡಿಸಿದವಳೇ ನಾನು.

ಅದು ಸರ್ಕಾರದ ವಸತಿ ಯೋಜನೆಯ ಚಿಕ್ಕ ಮನೆ. ನಾನು ಶಾಲೆಯಲ್ಲಿ ಟೀಚರ್ ಆಗಿದ್ದಾಗ ನನ್ನ ಹತ್ತಿರ ಕಲಿತು ಈಗ ಎಂಜಿನಿಯರ್ ಆಗಿರುವ ಹುಡುಗನೊಬ್ಬ ನಕ್ಷೆ ಬರೆದುಕೊಟ್ಟಿದ್ದ. ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ, ನಡುವೆ ಟೊಳ್ಳು ಬಿಟ್ಟು ಕಟ್ಟಿದ ಗೋಡೆ. ಇಟ್ಟಿಗೆಯೂ ಕಡಿಮೆ, ಬಿಸಿಲಿನ ಕಾವೂ ಬೇಗ ಒಳಗೆ ದಾಟದು. ಮಾಳಿಗೆಯ ಮೇಲೆ ಬೆಳ್ಳಗೆ ಸುಣ್ಣ. ಪ್ರತಿ ಕೋಣೆಗೂ ನೆಲದ ಹತ್ತಿರ ಒಂದು ಸಾಲು ಕಿಂಡಿ, ಮೇಲೆ ಛಾವಣಿಯ ಹತ್ತಿರ ಇನ್ನೊಂದು. ಕೆಳಗಿನಿಂದ ತಂಪು ಗಾಳಿ ಬರಬೇಕು, ಮೇಲೇರಿದ ಸೆಕೆ ಹೊರಗೆ ಹೋಗಬೇಕು. ಫ್ಯಾನು ತಿರುಗಿಸುವ ಕರೆಂಟೂ ಉಳಿಯುತ್ತದೆ ಎಂದಿದ್ದ.

ಪಡಸಾಲೆಗೆ ಕಾಲಿಟ್ಟಾಗ ತಂಪಾಗಿಯೇ ಇತ್ತು. ಇವರಿಗೇನು ಬಂತು ಧಾಡಿ ಎಂದುಕೊಂಡು ಬಾಣಂತಿ ಕೋಣೆಯ ಬಾಗಿಲು ತಳ್ಳಿದೆ. ಅಯ್ಯ ಶಿವನೇ! ಕತ್ತಲು, ಲೋಬಾನದ ಹೊಗೆ, ಮೂಲೆಯಲ್ಲಿ ಕೆಂಡದ ಅಗ್ಗಿಷ್ಟಿಕೆ. ತಲೆಗೆ ಸ್ಕಾರ್ಫ್ ಬಿಗಿದುಕೊಂಡ ರೇಖಾ ಬೆವರಲ್ಲಿ ನೆನೆದು ಕೂತಿದ್ದಳು. ಕೂಸು ಅತ್ತೂ ಅತ್ತೂ ಕೆಂಪಾಗಿತ್ತು. ತಲೆಯೆತ್ತಿ ನೋಡಿದೆ. ಒಂದೊಂದು ಕಿಂಡಿಗೂ ಹಳೆ ಸೀರೆಯ ಚಿಂದಿ ಜಡಿದಿತ್ತು, ಇರುವೆ ನುಗ್ಗಲೂ ಸಂದಿಲ್ಲದ ಹಾಗೆ.

"ಇದನ್ಯಾಕ ಫೋನಿನ್ಯಾಗ ಹೇಳಲಿಲ್ಲೋ?" ಎಂದು ಮಾರುತಿಯನ್ನು ಕೇಳಿದೆ.

"ಬಾಣಂತಿ ಖೋಲಿ ಅಂದಮ್ಯಾಲ ಕಿಂಡಿ ಮುಚ್ಚೂದ ಅಲ್ಲೇನಕ್ಕಾ? ಅದರಾಗ ಹೇಳೂದೇನೈತಿ?" ಎಂದ. ಪಾಪ, ಅವನಿಗೆ ನಿಜವಾಗಿಯೂ ಹೊಳೆದಿರಲಿಲ್ಲ. ನನಗೆ ಸಿಟ್ಟು ಬರುವ ಬದಲು ನಗು ಬಂತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ, ಮನೆಯನ್ನು ಬೈಯುತ್ತ ಕೂತಿದ್ದರಲ್ಲ!

ಚಿಂದಿ ಜಡಿದವಳು ನಮ್ಮವ್ವ. ಅವಳ ಮುಂದೆ ವಿಜ್ಞಾನ ನಡೆಯದು. "ಬಾಣಂತಿಗೆ ಗಾಳಿ ಬಡದ್ರ ಸನ್ನಿ ಆಗತೈತಿ. ನಿನ್ನ ಎರಡೂ ಬಾಣಂತನಾ ಹಿಂಗ ಮಾಡೇನಿ. ಸತ್ತೇನ?" ಎಂದಳು.

"ಅದು ಮಣ್ಣಿನ ಮನಿ ಇತ್ತಬೇ ಯವ್ವಾ. ಆ ಮಾತ ಬಿಡು. ನೀನ ಒಂದ ಮಧ್ಯಾಹ್ನ ಈ ಖೋಲ್ಯಾಗ ಮಲಕ್ಕೋ ನೋಡೋಣ."

"ಮಲಕ್ಕೊಂತೀನಿ. ನಿಮ್ಮಂಗ ನಾಜೂಕಿಲ್ಲ ನಾವು!"

ತಾಯಿ ಮಗುವನ್ನು ಪಡಸಾಲೆಗೆ ತಂದು, ಸುತ್ತ ಸೀರೆ ಕಟ್ಟಿ ಮರೆ ಮಾಡಿದೆವು. ಅವ್ವ ತಾನೂ ಸ್ಕಾರ್ಫ್ ಕಟ್ಟಿಕೊಂಡು ಒಳಗೆ ಹೋಗಿ ಧಡ್ಡನೆ ಬಾಗಿಲು ಹಾಕಿಕೊಂಡಳು. ಮಾರುತಿಯ ಹೆಂಡತಿ ಚಹಾ ಮಾಡಿದಳು. ನಾವು ಕುಡಿದು ಮುಗಿಸಿದರೂ ಒಳಗೆ ಸದ್ದಿಲ್ಲ. "ಅಕ್ಕಾ, ಹೋಗಿ ನೋಡ್ಲ್ಯಾ? ಆಕಿ ಹಟಕ್ಕ ಬಿದ್ರ ಜೀವಾ ಬಿಟ್ಟಾಳು," ಎಂದ ಮಾರುತಿ. ನಾನೂ ಎದ್ದು ನಿಂತೆ.

ಅಷ್ಟರಲ್ಲಿ ಒಳಗಿನಿಂದ ಧಪ್ ಧಪ್ ಸಪ್ಪಳ. ಓಡಿ ಹೋಗಿ ಬಾಗಿಲು ತೆರೆದೆವು. ಅವ್ವ ಸ್ಕಾರ್ಫ್ ಕಿತ್ತೆಸೆದು, ಆಡು ಕಾಯುವ ಕೋಲಿನಿಂದ ಮೇಲಿನ ಕಿಂಡಿಗಳ ಚಿಂದಿಯನ್ನು ಹೊರಕ್ಕೆ ತಿವಿಯುತ್ತಿದ್ದಳು. ರವಿಕೆ ಒದ್ದೆಮುದ್ದೆ.

"ಏನ್ ನೋಡ್ತೀರಿ? ಮ್ಯಾಲಿನ್ವಷ್ಟ ತಗೀತೇನಿ. ಕೆಳಗಿನ್ವು ಮುಟ್ಟಿದ್ರ ಕೈ ಮುರೀತೇನಿ," ಎಂದಳು. ಆಮೇಲೆ ಪಡಸಾಲೆಗೆ ಬಂದು, ದನಿ ತಗ್ಗಿಸಿ, "ನನ್ನ ಬಂಗಾರಾ, ಅದರಾಗ ಹೆಂಗ ಕುಂತಿದ್ದೆವ್ವಾ ನೀ..." ಎಂದು ರೇಖಾಳ ಕೆನ್ನೆ ಸವರಿದಳು. ರೇಖಾ ಅತ್ತುಬಿಟ್ಟಳು.

ಅಗ್ಗಿಷ್ಟಿಕೆ ಸ್ನಾನದ ಹೊತ್ತಿಗಷ್ಟೇ ಎಂದು ತೀರ್ಮಾನವಾಯಿತು. ತಾಯಿ ಮಗು ಇರುವ ಕಡೆಯ ಕೆಳಗಿನ ಕಿಂಡಿಗಳು ಅವ್ವನ ಮಾತಿನಂತೆ ಮುಚ್ಚಿಯೇ ಇದ್ದವು. ಗಾಳಿ ಪಡಸಾಲೆಯಿಂದ ಬಾಗಿಲ ಪರದೆಯಡಿ ನುಸುಳಿ ಬರುತ್ತಿತ್ತು. ಕತ್ತಲಾಗುವಷ್ಟರಲ್ಲಿ ಕೋಣೆಯ ಸೆಕೆ ಇಳಿದು, ತಾಯಿ ಮಗು ಮತ್ತೆ ಒಳಗೆ ಹೋದರು. ಕೂಸು ಮೊಲೆ ಕುಡಿದು ಮಲಗಿತು. ಎಲ್ಲರೂ ಸರದಿಯಂತೆ ಹೋಗಿ ಅದು ಮಲಗಿದ್ದನ್ನು ನೋಡಿ ಬಂದೆವು.

ಮರುದಿನ ಬೆಳಿಗ್ಗೆ ಅಳಿಯ ಸಂತೋಷ ಏಕಸಂಬಿಯಿಂದ ಗಾಡಿ ತಂದು ಬಾಗಿಲಲ್ಲಿ ಹಾರ್ನ್ ಹೊಡೆದ. ಅವ್ವ ಹೊರಗೆ ಹಾರಿ ಬಂದಳು. "ಏ ಅಳಿಯಾ, ಮೆಲ್ಲಕ! ಕೂಸು ಮಲಗೇತಿ." ಅವನು ಕಕ್ಕಾಬಿಕ್ಕಿಯಾಗಿ ಹೆಂಡತಿಯ ಮುಖ ನೋಡಿದ.

"ಐದ ತಿಂಗಳಾದಮ್ಯಾಲ ಬರ್ರಿ," ಎಂದಳು ರೇಖಾ. "ಇಲ್ಲೇ ಆರಾಮ ಐತಿ."

ತಂದ ಗಾಡಿ ಖಾಲಿ ಹೋಗಬಾರದಲ್ಲ, ಚಿಕ್ಕೋಡಿಯ ತನಕ ಮುಂದಿನ ಸೀಟಿನಲ್ಲಿ ನಾನು ಕೂತೆ. ತಿರುವಿನಲ್ಲಿ ಹಿಂತಿರುಗಿ ನೋಡಿದರೆ ಮಾರುತಿ ಇನ್ನೂ ಹೊಸ್ತಿಲ ಮುಂದೆ ನಿಂತಿದ್ದ. ಹೆಗಲ ಮೇಲಿನ ಟವೆಲ್ಲಿನಿಂದ ಕಣ್ಣೊರೆಸಿಕೊಳ್ಳುತ್ತ, ದಾರಿಯಲ್ಲಿ ಹೋಗುತ್ತಿದ್ದವರನ್ನೆಲ್ಲ ಕರೆಯುತ್ತಿದ್ದ: "ಬರ್ರಿ, ಒಳಗ ಬಂದ ನೋಡ್ರಿ, ನಮ್ಮ ಮನಿ ಎಷ್ಟ ತಂಪ ಐತಿ!"