ಜೇಬಿನಲ್ಲಿ ಬೆಚ್ಚಗಿದ್ದ ಬ್ಯಾಟರಿ

ನನ್ನದು ಚಪ್ಪಲಿ ಅಂಗಡಿ. ಬೆಳಗಿನಿಂದ ಸಂಜೆಯವರೆಗೂ ಜನರ ಕಾಲು ನೋಡುವುದೇ ನನ್ನ ಕಸುಬು. ನನ್ನ ಹೆಂಡತಿಯದು ತಲೆಯೆತ್ತಿ ನೋಡುವ ಕೆಲಸ. ಹೊಸ ಬಗೆಯ ಡ್ರೋನ್ ಅಂಗಡಿಗೆ ಬರುವ ಮೊದಲು, ಅದು ಜನರ ನೆತ್ತಿಯ ಮೇಲೆ ಹಾರಲು ಯೋಗ್ಯವೋ ಅಲ್ಲವೋ ಎಂದು ಹೇಳುವ ಕೇಂದ್ರದಲ್ಲಿ ಇವಳು ಪರೀಕ್ಷಕಿ. ಅಲ್ಲಿ ಹಾರಿಸುವುದಕ್ಕಿಂತ ಕಾಡುವುದೇ ಹೆಚ್ಚು. ಹಾರುತ್ತಿರುವಾಗಲೇ ಒಂದು ಮೋಟಾರು ನಿಲ್ಲಿಸುತ್ತಾರೆ, ದೊಡ್ಡ ಫ್ಯಾನ್ ಹಚ್ಚಿ ಬಿರುಗಾಳಿ ಎಬ್ಬಿಸುತ್ತಾರೆ. ಏನೇ ಆದರೂ ಯಂತ್ರ ಕಲ್ಲಿನಂತೆ ಬೀಳಬಾರದು, ಮೆಲ್ಲಗೆ ಇಳಿಯಬೇಕು, ಅದು ನಿಯಮ. ಮನೆಯಲ್ಲಿ ಜಿರಳೆ ಕಂಡರೆ ಸ್ಟೂಲ್ ಹತ್ತುವ ಹೆಂಗಸು ಅಲ್ಲಿ ಕದಲದೆ ನಿಂತಿರುತ್ತಾಳೆ. ಸುಳ್ಳೇಕೆ ಹೇಳಲಿ, ನನಗೆ ಅವಳನ್ನು ಕಂಡರೆ ಭಯಭಕ್ತಿ.

ಇವಳ ತಮ್ಮ, ಅಂದರೆ ನನ್ನ ಭಾವಮೈದ, ವರ್ಷಗಟ್ಟಲೆ ನಿದ್ದೆಗೆಟ್ಟು ತನ್ನದೇ ಒಂದು ಡ್ರೋನ್ ಮಾಡಿದ. ಅದು ಪಾಸಾದರೆ ತನ್ನ ಮಗಳು ಪುಟ್ಟಿಯ ಶಾಲೆಯ ಆಟೋಟದ ದಿನ ಮೈದಾನದ ಮೇಲೆ ಹಾರಿಸುವುದಾಗಿ ಮಾತು ಕೊಟ್ಟಿದ್ದ. ಪುಟ್ಟಿ ತರಗತಿಗೆಲ್ಲ ಡಂಗುರ ಸಾರಿದ್ದಳು. ಒಡಹುಟ್ಟಿದವನ ಯಂತ್ರವಾದ್ದರಿಂದ ಇವಳು ಪರೀಕ್ಷೆ ಮಾಡುವಂತಿರಲಿಲ್ಲ. ಹಿರಿಯ ಪರೀಕ್ಷಕರು ಮಾಡಿದರು. ನಾವಿಬ್ಬರೂ ಗಾಜಿನ ಈಚೆ ನಿಂತು ನೋಡಿದೆವು.

ಕೊನೆಯದು ಚಳಿಯ ಪರೀಕ್ಷೆ. ಕೋಲ್ಡ್ ರೂಮಿನಲ್ಲಿ ಇಟ್ಟಿದ್ದ ಯಂತ್ರಕ್ಕೆ ಭಾವಮೈದ ಬ್ಯಾಟರಿ ಹಾಕಿದ. ಅಬ್ಬಾ, ಅದು ಎದ್ದ ಪರಿ! ಕೆಳಗೆ ಮನುಷ್ಯರ ಬದಲಿಗೆ ನಿಲ್ಲಿಸಿದ್ದ ರಬ್ಬರ್ ಬೊಂಬೆಯ ಮೇಲೆ ಗಾಳಿಯಲ್ಲಿ ಮೊಳೆ ಹೊಡೆದಂತೆ ನಿಂತುಬಿಟ್ಟಿತು. ನನ್ನ ಕಣ್ಣು ತುಂಬಿ ಬಂತು. ಹಿರಿಯರು ಅವನ ಬೆನ್ನು ತಟ್ಟಿದರು.

ಇವಳು ಮಾತ್ರ ನಗಲಿಲ್ಲ. ಒಳಗೆ ಹೋಗಿ ಕೇಳಿದಳು, "ತಮ್ಮಾ, ಬ್ಯಾಟರಿ ಎಲ್ಲಿಟ್ಟಿದ್ದೆ?"

"ಜೇಬಲ್ಲಿ. ನಾನು ಯಾವಾಗ್ಲೂ ಅಲ್ಲೇ ಇಡೋದಲ್ವಾ ಅಕ್ಕಾ?"

ಅವನಲ್ಲಿ ಕಪಟವಿರಲಿಲ್ಲ. ಚಳಿಗೆ ಬ್ಯಾಟರಿ ಸೊರಗುತ್ತದೆಂದು ಡ್ರೋನ್ ಹಾರಿಸುವವರು ಅದನ್ನು ಒಳಜೇಬಿನಲ್ಲಿ ಬೆಚ್ಚಗೆ ಇಟ್ಟುಕೊಳ್ಳುತ್ತಾರಂತೆ. ಹಾಗೆ ಮಾಡಿ ಮಾಡಿ, ಪರೀಕ್ಷೆಯಲ್ಲಿ ಅದು ಲೆಕ್ಕಕ್ಕೆ ಬರುತ್ತದೆಂಬುದೇ ಅವನಿಗೆ ಹೊಳೆದಿರಲಿಲ್ಲ. ಕೊಂಡವರು ಜೇಬಿನಲ್ಲಿ ಇಡುತ್ತಾರೆಯೇ ಎಂದು ಇವಳು ಕೇಳಿದಾಗ ಅವನು ತನ್ನ ಜೇಬನ್ನು ಮುಟ್ಟಿ ನೋಡಿಕೊಂಡ. ಬ್ಯಾಟರಿಯನ್ನೂ ಕೋಲ್ಡ್ ರೂಮಿನಲ್ಲಿಟ್ಟು ಮತ್ತೊಮ್ಮೆ ಹಾರಿಸಬೇಕೆಂದು ಇವಳು ಹಿರಿಯರನ್ನು ಕೇಳಿಕೊಂಡಳು.

ನನಗೆ ಪಿತ್ತ ನೆತ್ತಿಗೇರಿತು. ಬಾಯಿಗೆ ಬಂದ ತುತ್ತನ್ನು ಕಿತ್ತುಕೊಳ್ಳುವವಳು ಅಕ್ಕನೇ ಎಂದು ಕಾರಿಡಾರಿನಲ್ಲೇ ಅವಳಿಗೆ ಅಂದೆ. ಅವಳು ಗಾಜಿನತ್ತ ತಿರುಗಿದಳು.

ಮಧ್ಯಾಹ್ನ ಮತ್ತೆ ಹಾರಿಸಿದರು. ಡ್ರೋನ್ ಅಷ್ಟೇ ಚೆಂದವಾಗಿ ಮೇಲೇರಿತು. ಬೊಂಬೆಯ ನೇರಕ್ಕೆ ಬಂದು ನಿಂತಿತು. ಎಚ್ಚರಿಕೆಯ ಒಂದು ಸದ್ದೂ ಇಲ್ಲದೆ ಮೋಟಾರುಗಳೆಲ್ಲ ಒಟ್ಟಿಗೆ ನಿಂತವು. ಯಂತ್ರ ಕಲ್ಲಿನಂತೆ ಬಿತ್ತು. ಬೊಂಬೆಯ ನೆತ್ತಿ ಒಳಗೆ ಹೋಗಿತ್ತು.

ಭಾವಮೈದ ತನ್ನ ಯಂತ್ರದ ಚೂರುಗಳ ಕಡೆ ಹೋಗಲೇ ಇಲ್ಲ. ಬೊಂಬೆಯನ್ನು ಎತ್ತಿ ನಿಲ್ಲಿಸಿದ. ಅದು ಅವನ ಸೊಂಟಕ್ಕಿಂತ ಸ್ವಲ್ಪ ಮೇಲೆ ಬರುತ್ತಿತ್ತು.

"ಅಕ್ಕಾ, ಇದು ನಮ್ಮ ಪುಟ್ಟಿಯಷ್ಟೇ ಎತ್ತರ ಇದೆ," ಎಂದ.

ಮಗುವಿನ ತಲೆ ತಡೆದುಕೊಂಡರೆ ಎಲ್ಲರದೂ ತಡೆದುಕೊಳ್ಳುತ್ತದೆಂದು ಅಲ್ಲಿ ಬೊಂಬೆಯನ್ನು ಮಕ್ಕಳ ಅಳತೆಗೇ ಮಾಡಿಸುತ್ತಾರಂತೆ. ಹಾಗೆಂದು ಇವಳು ಬೊಂಬೆಯ ನೆತ್ತಿಯ ತಗ್ಗಿನ ಮೇಲೆ ಕೈಯಿಟ್ಟಳು. ಹಿರಿಯರು ಏನಾದರೂ ಹೇಳುವ ಮೊದಲೇ ಭಾವಮೈದ, ಫೇಲ್ ಅಂತಲೇ ಬರೆಯಿರಿ ಸರ್ ಎಂದುಬಿಟ್ಟ.

ಆಟೋಟದ ದಿನ ಬೆಳಿಗ್ಗೆ ಕೊರೆಯುವ ಚಳಿ. ಅಪ್ಪ ಮಾತಿಗೆ ತಪ್ಪಿದನೆಂದು ಪುಟ್ಟಿ ಮುಖ ಊದಿಸಿಕೊಂಡಿದ್ದಳು. ಸೀಟಿ ಊದಿದ್ದೇ ತಡ, ಮಕ್ಕಳೆಲ್ಲ ಕಿರುಚುತ್ತ ಮೈದಾನದ ನಡುವೆ ಓಡಿದರು. ಅವಳೂ ಮುನಿಸು ಮರೆತು ಓಡಿದಳು. ನಾನು ಮೇಲೆ ನೋಡಿದೆ. ಅಲ್ಲಿ ಏನೂ ಇರಲಿಲ್ಲ. ಏನೂ ಇಲ್ಲದ ಆಕಾಶವನ್ನು ನೋಡಿ ನನಗೆ ರೋಮಾಂಚನವಾದದ್ದು ಅದೇ ಮೊದಲು. ಇವಳು ಗಂಟಲು ಹರಿಯುವಂತೆ ಪುಟ್ಟಿಯನ್ನು ಹುರಿದುಂಬಿಸುತ್ತಿದ್ದಳು.

ಭಾವಮೈದ ಒಮ್ಮೆಯೂ ಮೇಲೆ ನೋಡಲಿಲ್ಲ. ಓಡುತ್ತಿದ್ದ ಪುಟ್ಟ ಪುಟ್ಟ ತಲೆಗಳನ್ನೇ ನೋಡುತ್ತಿದ್ದ. ಆಮೇಲೆ ಅಕ್ಕನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು ಹೇಳಿದ:

"ಎಲ್ಲಾರೂ ಓಡ್ತಾ ಇದಾರೆ, ಅಕ್ಕಾ."