ನವಿಲಿನ ಮಹಜರು

ಲುಂಗಿಯ ಕೆಳಗೆ ಇಲಾಖೆ ಕೊಟ್ಟ ಕಂದು ಬೂಟು. ಅರಣ್ಯ ಇಲಾಖೆಯಿಂದ ನಿವೃತ್ತರಾದ ಮೇಲೂ ನಮ್ಮ ಗಾರ್ಡ್ ಅಂಕಲ್ ಹಾಲು ತರಲು ಹೊರಡುತ್ತಿದ್ದುದು ಹಾಗೆಯೇ. ಕಾನೂನು ಹೇಳುವ ಮುನ್ನ ಎರಡು ಸಲ ಕೆಮ್ಮುವರು. ಶೆಟ್ಟಿಹಳ್ಳಿಯ ನಮ್ಮ ಬೀದಿಯಲ್ಲಿ ಆ ಕೆಮ್ಮನ್ನು ಅವರಿಗಿಂತ ನಾನೇ ಚೆನ್ನಾಗಿ ಕೆಮ್ಮುತ್ತಿದ್ದೆ. ಗೇಟಿನಾಚೆ ನಿಂತು ಕೆಮ್ಮಿದರೆ ಅವರ ಹೆಂಡತಿ ಕಾಫಿಗೆ ಹಾಲಿಡುತ್ತಿದ್ದರು. ಆ ಕಾಫಿಯನ್ನು ಎಷ್ಟೋ ಸಲ ನಾನೇ ಕುಡಿದಿದ್ದೇನೆ.

ಒಂದು ಬೆಳಿಗ್ಗೆ ಹೆಸರಘಟ್ಟದ ರಸ್ತೆಯಲ್ಲಿ ಕಾರು ಹೊಡೆದು ಸತ್ತ ನವಿಲು ಬಿದ್ದಿತ್ತು. ಸುಬ್ರಹ್ಮಣ್ಯನ ವಾಹನ ಬೀದಿಪಾಲಾಗಬಾರದೆಂದು ಸ್ಕೂಟರಿನಲ್ಲಿಟ್ಟು ಮನೆಗೆ ತಂದೆ. ಅಮ್ಮ ಅರಿಶಿನ ಕುಂಕುಮ ಹಚ್ಚಿ ಹಳೆಯ ರೇಷ್ಮೆ ಸೀರೆ ಹೊದಿಸಿದಳು. ಪಕ್ಕದ ಖಾಲಿ ಸೈಟಿನಲ್ಲಿ ನಾನು ಗುಂಡಿ ತೋಡತೊಡಗಿದೆ. ಅಷ್ಟರಲ್ಲಿ ಎರಡು ಗರಿ ದೇವರ ಮನೆ ಸೇರಿಯಾಗಿತ್ತು.

ಹಿಂದಿನಿಂದ ಕೆಮ್ಮು ಕೇಳಿಸಿತು. ಈ ಸಲ ಅಸಲಿ.

“ಗುದ್ದಲಿ ಕೆಳಗಿಡು. ಬದುಕಿದ್ದಾಗ ಕಾಡಿಂದು, ಸತ್ಮೇಲೆ ಸರ್ಕಾರದ್ದು. ಎತ್ಕೊಂಡ್ ಬರೋಕೆ ನೀನ್ಯಾರಪ್ಪ?”

“ನಾನ್ ಸಾಯಿಸಿಲ್ಲ ಅಂಕಲ್.”

“ಹೂತ್ಬಿಟ್ಮೇಲೆ ಅದನ್ನ ಹೆಂಗ್ ತೋರಿಸ್ತೀಯ?”

ಅವರ ಕಣ್ಣು ನವಿಲಿನ ಬಾಲದತ್ತ ಹೋದದ್ದು ಕಂಡು ಅಮ್ಮ ನಡುವೆ ಬಂದಳು. “ಗರಿ ಎಲ್ಲರ ಮನೇಲೂ ಇರುತ್ತಲ್ರೀ.”

“ಉದುರಿದ್ದು ಬೇರೆ, ಕಿತ್ತಿದ್ದು ಬೇರೆ ತಾಯಿ. ತಂದ್ಕೊಡಿ.”

ನನ್ನ ಹೊಸ ಕೆಲಸಕ್ಕೆ ಮುಂದಿನ ವಾರವೇ ಪೊಲೀಸ್ ವೆರಿಫಿಕೇಶನ್. ಕೇಸಾದರೆ ಕೆಲಸ ಹೋದಂತೆಯೇ. “ಈ ಸೈಟಲ್ಲೇ ಬಿದ್ದಿತ್ತು ಅಂದ್ಬಿಡೋಣ ಅಂಕಲ್,” ಎಂದು ಕೈಮುಗಿದೆ.

“ಬೀದಿಯವರ ದನಿಯೆಲ್ಲ ತೆಗೀತೀಯಲ್ಲೋ, ಇವತ್ತೊಂದಿನ ನಿನ್ ದನೀಲಿ ನಿಜ ಹೇಳು. ಪಕ್ಕದಲ್ಲಿ ನಾನಿರ್ತೀನಿ.”

ಅರಣ್ಯ ಇಲಾಖೆಗೆ ಅವರೇ ಫೋನ್ ಮಾಡಿದರು. ಬಂದವರನ್ನು, ನಾನು ಹೇಳಿದ ಗುರುತಿನ ಮೇಲೆ, ನವಿಲು ಬಿದ್ದಿದ್ದ ಜಾಗಕ್ಕೆ ಕರೆದೊಯ್ದು, ಒಡೆದ ಹೆಡ್‌ಲೈಟಿನ ಚೂರು, ರಕ್ತದ ಕಲೆ ತೋರಿಸಿದರು. ನಾನು ತೊದಲಿದ್ದೆಲ್ಲ ಮಹಜರಿಗೆ ಸೇರಿತು, ಎರಡು ಗರಿ ಮತ್ತು ರೇಷ್ಮೆ ಸೀರೆಯ ಸಮೇತ. ಸಾಕ್ಷಿಯ ಜಾಗದಲ್ಲಿ ಅಂಕಲ್ ಸಹಿ ಹಾಕಿದರು. ಪಶುವೈದ್ಯರು ಗಾಯ ನೋಡಿ ಅಪಘಾತವೇ ಎಂದರು. ಇಲಾಖೆಯವರು ಬೈದು ನನ್ನನ್ನು ಬಿಟ್ಟರು, ನವಿಲನ್ನು ತಾವೇ ಸುಟ್ಟರು. ಕೆಲಸ ಉಳಿಯಿತು. ಅಮ್ಮನ ಸೀರೆ ಮಾತ್ರ ನವಿಲಿನ ಜೊತೆ ಹೋಯಿತು.

ಅಂಕಲ್ ಕಳೆದ ವರ್ಷ ತೀರಿಕೊಂಡರು. ಅವರ ಗೇಟಿನೆದುರು ಈಗ ನಾನು ಕೆಮ್ಮುವುದಿಲ್ಲ. ನೆಗಡಿಯಾಗಿದ್ದರೂ ತಡೆದುಕೊಂಡು ದಾಟುತ್ತೇನೆ.

ಮೊನ್ನೆ ಆಫೀಸಿಗೆ ಹೋಗುವಾಗ ಜಕ್ಕೂರಿನ ಬಳಿ ಮುಂಗುಸಿಯೊಂದು ಸತ್ತು ಬಿದ್ದಿತ್ತು. ಮುಟ್ಟಲಿಲ್ಲ. ಬೈಕನ್ನು ಬದಿಗೆ ನಿಲ್ಲಿಸಿ ಇಲಾಖೆಗೆ ಫೋನ್ ಮಾಡಿದೆ. ಮಾತಿಗೆ ಮುಂಚೆ, ನನಗೇ ತಿಳಿಯದಂತೆ, ಎರಡು ಸಲ ಕೆಮ್ಮಿದೆ.

“ಯಾರ್ರೀ ಮಾತಾಡ್ತಿರೋದು?” ಎಂದರು ಅತ್ತಲಿಂದ.

ನನ್ನ ದನಿಯಲ್ಲೇ ನನ್ನ ಹೆಸರು ಹೇಳಿದೆ.