ಗಾಲಿ ತಿರುವಿ ನೋಡುವ ದುರ್ಗಕ್ಕ

ಬೆಳಗಿನ ಆರು ಗಂಟೆ. ಹೊಸಪೇಟೆಯಿಂದ ಹಂಪಿಗೆ ಹೋಗುವ ಮೊದಲ ಬಸ್ಸು ಕಡ್ಡಿರಾಂಪುರ ದಾಟುವ ಹೊತ್ತಿಗೆ ದುರ್ಗಕ್ಕನ ಮೊದಲ ಗಾಲಿ ಆಗಲೇ ತಿರುಗುತ್ತಿದೆ. ಮನೆ ಮುಂದಿನ ಬೇವಿನ ಮರದ ಕೆಳಗೆ ಗೋಣಿಚೀಲ ಹಾಸಿಕೊಂಡು ಕೂತಿದ್ದಾರೆ. ಎದುರಿಗೆ ಕಬ್ಬಿಣದ ಸ್ಟ್ಯಾಂಡು, ಅದರ ಎರಡು ತೋಳುಗಳ ನಡುವೆ ಟಯರು ಕಳಚಿದ ಸೈಕಲ್ ಗಾಲಿ. ರಿಮ್ಮಿನ ಪಕ್ಕದಲ್ಲಿ ಪೊರಕೆಕಡ್ಡಿ ಹಿಡಿದು ಗಾಲಿ ತಿರುಗಿಸುತ್ತಾರೆ. ಕಡ್ಡಿಗೆ ರಿಮ್ಮು ಎಲ್ಲಿ ತಾಗುತ್ತದೋ ಅಲ್ಲಿ ಬೆಂಡು. ಅಲ್ಲೊಂದು ಸ್ಪೋಕು ಬಿಗಿ ಮಾಡಿ, ಪಕ್ಕದ್ದನ್ನು ಸಡಿಲಿಸುತ್ತಾರೆ. ಬೆಂಡೆಲ್ಲ ಹೋದ ಮೇಲೆ ಗಾಲಿಯನ್ನು ಬಿಚ್ಚಿ, ಎಡಬಲ ತಿರುವಿ, ಅದೇ ಸ್ಟ್ಯಾಂಡಿಗೆ ಇನ್ನೊಮ್ಮೆ ಹಾಕಿ ನೋಡುತ್ತಾರೆ. ಈ ಕೊನೆಯ ಕೆಲಸವನ್ನು ಸುತ್ತಲಿನ ಬೇರೆ ಅಂಗಡಿಗಳಲ್ಲಿ ನಾನು ಕಂಡಿಲ್ಲ.

ಸ್ಪೋಕಿಗೆ ಇಲ್ಲಿ ಕಡ್ಡಿ ಎನ್ನುತ್ತಾರೆ. ‘ಕಡ್ಡಿರಾಂಪುರದ ಕಡ್ಡಿ ದುರ್ಗಕ್ಕ’ ಎಂದು ಊರವರು ಚೇಷ್ಟೆ ಮಾಡುತ್ತಾರೆ. ಮಾತೂ ಹಾಗೆಯೇ, ಕಡ್ಡಿ ಮುರಿದಂತೆ. ಕಂಪ್ಲಿಯಲ್ಲಿ ಅಪ್ಪ ಗಾದಿಲಿಂಗಪ್ಪನ ಸೈಕಲ್ ಅಂಗಡಿಯಲ್ಲಿ ಕೆಲಸ ಕಲಿತವರು. ಅಪ್ಪ ಹಳೇ ಸೈಕಲ್ಲಿನ ಫೋರ್ಕನ್ನು ತಲೆಕೆಳಗು ಮಾಡಿ, ಕಬ್ಬಿಣದ ಹಲಗೆಗೆ ವೆಲ್ಡ್ ಮಾಡಿಸಿ ಕೊಟ್ಟಿದ್ದ ಸ್ಟ್ಯಾಂಡೇ ಇಪ್ಪತ್ತೆರಡು ವರ್ಷ ಅನ್ನ ಹಾಕಿತು.

ಗಂಡ ಹನುಮಣ್ಣ ಮೊದಲು ಪಂಕ್ಚರ್ ಹಾಕುತ್ತಿದ್ದವರು, ಈಗ ಸಂಡೂರಿನಲ್ಲಿ ಅದಿರು ಲಾರಿ ಓಡಿಸುತ್ತಾರೆ. ಕಡ್ಡಿಯನ್ನು ಗುಡ್ಡ ಮಾಡುವವರನ್ನು ನೋಡಿದ್ದೆವು. ಈಗ ಗುಡ್ಡವನ್ನೇ ಪುಡಿ ಮಾಡಿ ಹಡಗಿಗೆ ತುಂಬುವ ಕಾಲ. ಊರಿನ ಅರ್ಧ ಗಂಡಸರು ಸ್ಟೇರಿಂಗ್ ಹಿಡಿದರೂ ದುರ್ಗಕ್ಕ ಸ್ಪೋಕಿನ ಚಾವಿ ಬಿಡಲಿಲ್ಲ. ದಿನಕ್ಕೆ ಹನ್ನೆರಡು, ಹದಿನೈದು ಗಾಲಿ ಬರುತ್ತವೆ. “ಲಾರಿ ರಸ್ತೆನಾಗ ಗುಂಡಿ ಮಾಡ್ತಾವ, ಗುಂಡಿ ನನಗ ಗಾಲಿ ಕಳಸ್ತಾವ. ಹಂಗ ನೋಡಿದ್ರ ಮೈನ್ಸ್‌ನಾಗ ನಂದೂ ಒಂದ್ ಪಾಲು ಐತ್ರಿ” ಎಂದು ನಗುತ್ತಾರೆ.

ಹೋದ ವರ್ಷ, ಅಂದರೆ 2006ರ ಶ್ರಾವಣದಲ್ಲಿ, ಆ ನಗು ನಿಂತಿತ್ತು. ಹಂಪಿಯಲ್ಲಿ ಪ್ರವಾಸಿಗರಿಗೆ ಸೈಕಲ್ ಬಾಡಿಗೆಗೆ ಕೊಡುವ ಅಂಜಿನಯ್ಯ ನಾಲ್ಕು ಗಾಲಿ ವಾಪಸ್ಸು ತಂದಿಟ್ಟರು. “ಅಕ್ಕಾ, ಎಲ್ಲಾ ಎಡಕ್ಕ ವಾಲ್ಯಾವ. ಬ್ರೇಕಿಗೆ ಉಜ್ಜತಾವ ನೋಡ್ರಿ” ಎಂದರು. ದುರ್ಗಕ್ಕ ಬೆಂಡು ತೆಗೆದ ಗಾಲಿ ತಿರುಗಿ ಬಂದದ್ದು ಅದೇ ಮೊದಲು. ಮತ್ತೆ ಮಾಡಿಕೊಟ್ಟರು, ಮತ್ತೆ ಬಂದವು. ಅಂಜಿನಯ್ಯ ತಮ್ಮ ಮೂವತ್ತು ಸೈಕಲ್ಲನ್ನೂ ಬೇರೆ ಕಡೆಗೆ ಒಯ್ದರು.

“ಕಣ್ಣು ಹೋತು ಅನ್ಕಂಡೆ. ಕಣ್ಣು ಹೋದ್ರ ನನ್ನ ಕೈಯಾಗ ಏನೈತ್ರಿ?” ಎಂದು ಆ ದಿನಗಳನ್ನು ನೆನೆಯುತ್ತಾರೆ. ಹೊಸಪೇಟೆಯಲ್ಲಿ ಕಣ್ಣು ತೋರಿಸಿಕೊಂಡರು. ಡಾಕ್ಟರು ಕಣ್ಣು ಚೆನ್ನಾಗಿದೆ ಎಂದರೂ ನಂಬದೆ ಹಟ ಮಾಡಿ ಕನ್ನಡಕ ಕೊಂಡರು. ಗಾಲಿ ವಾಲುವುದು ನಿಲ್ಲಲಿಲ್ಲ. “ಸಾಕು ಬಿಡು, ನಾ ದುಡೀತೀನಲ್ಲ” ಎಂದರು ಹನುಮಣ್ಣ. ಒಳ್ಳೆಯ ಮನಸ್ಸಿನಿಂದ ಆಡಿದ ಮಾತೇ. ಆದರೆ ದುರ್ಗಕ್ಕ ಅಂದು ರಾತ್ರಿ ಊಟ ಮಾಡಲಿಲ್ಲ.

ಗುಟ್ಟು ರಟ್ಟಾದದ್ದು ಒಂದು ಮರೆವಿನಿಂದ. ಒಂದು ಗಾಲಿ ಮುಗಿಸಿ ಕೆಳಗಿಟ್ಟು, ಉಕ್ಕುತ್ತಿದ್ದ ಅನ್ನ ಇಳಿಸಲು ಒಳಗೆ ಹೋದರು. ಬಂದವರು ಮುಗಿದದ್ದನ್ನು ಮರೆತು ಅದನ್ನೇ ಮತ್ತೆ ಸ್ಟ್ಯಾಂಡಿಗೆ ಹಾಕಿದರು, ಎಡಬಲ ಅದಲುಬದಲಾಗಿ. ಆಗಷ್ಟೇ ನಟ್ಟನಡುವೆ ಇದ್ದ ಗಾಲಿ ಈಗ ಎರಡು ನೂಲು, ಅಂದರೆ ಕಾಲಿಂಚು, ಪಕ್ಕಕ್ಕೆ ವಾಲಿತ್ತು. ಸ್ಟ್ಯಾಂಡು ಸರಿಯಿದ್ದರೆ, ಅದರಲ್ಲಿ ನಡುವಿಗೆ ಕೂತ ಗಾಲಿ ತಿರುವಿ ಹಾಕಿದರೂ ನಡುವೆಯೇ ಕೂರಬೇಕು. ಅಪ್ಪನ ಸ್ಟ್ಯಾಂಡಿನ ಒಂದು ತೋಳು ಬಾಗಿತ್ತು.

ಸಂಜೆ ಹನುಮಣ್ಣ ತಲೆ ಕೆರೆದುಕೊಂಡರು. “ಆಷಾಢದಾಗ ಲಾರಿ ಟಯರು ಅದಕ್ಕ ಒರಗಿಸಿದ್ದು ನಾನಾ...”

ಇಪ್ಪತ್ತೆರಡು ವರ್ಷ ದಣಿದ ಕಬ್ಬಿಣ, ಮತ್ತೆ ಬಗ್ಗಿಸಿದರೆ ನಿಲ್ಲುವಂತಿರಲಿಲ್ಲ. ಮರುದಿನ ದುರ್ಗಕ್ಕ ಒಂದು ಹೊಸ ಗಾಲಿಯನ್ನು ಮಡಿಲಲ್ಲಿಟ್ಟುಕೊಂಡು ಹೊಸಪೇಟೆ ಬಸ್ಸು ಹತ್ತಿದರು. ಸೈಕಲ್ ಸಾಮಾನಿನ ವ್ಯಾಪಾರಿ ಸಿದ್ದಲಿಂಗೇಶ್ ಮೂರು ಸ್ಟ್ಯಾಂಡು ತೋರಿಸಿದರು. ಅಗ್ಗದ್ದರಲ್ಲಿ ಗಾಲಿ ತಿರುವಿ ಹಾಕಿದರೆ, ನಟ್ಟು ಬಿಗಿದಂತೆಲ್ಲ ತೋಳೇ ಸರಿಯಿತು. ಎರಡೂವರೆ ಸಾವಿರದ್ದು ಮಿರಮಿರ ಮಿಂಚುತ್ತಿತ್ತು, ಬೆಂಡು ತೋರಿಸುವ ಅಳತೆಯ ಮುಳ್ಳು ಬೇರೆ. ಮೂರನೆಯದು ಬಣ್ಣವೂ ಸರಿಯಾಗಿಲ್ಲದ, ಮುಳ್ಳಿಲ್ಲದ, ದಪ್ಪ ತೋಳಿನ ಏಳುನೂರರ ಸ್ಟ್ಯಾಂಡು. ಹೇಗೆ ತಿರುವಿದರೂ ಗಾಲಿ ಜಪ್ಪಯ್ಯ ಅನ್ನಲಿಲ್ಲ.

“ಅಕ್ಕಾರ, ಮುಳ್ಳಿಂದು ತಗೋರಿ, ಮಸ್ತ್ ಐತಿ” ಎಂದರು ಸಿದ್ದಲಿಂಗೇಶ್.

“ಮುಳ್ಳು ಬ್ಯಾಡ. ಮನ್ಯಾಗ ಪೊರಕಿ ಐತಿ. ತೋಳು ಗಟ್ಟಿ ಇದ್ರ ಸಾಕು” ಎಂದು ಮೂರನೆಯದನ್ನೇ ಎತ್ತಿಕೊಂಡರು. ಮೂವತ್ತು ವರ್ಷ ವ್ಯಾಪಾರ ಮಾಡಿದರೂ ಗಾಲಿ ತಂದು ಪರೀಕ್ಷೆ ಮಾಡಿದ ಗಿರಾಕಿಯನ್ನು ತಾನು ನೋಡಿರಲಿಲ್ಲ ಎಂದು ಆ ವ್ಯಾಪಾರಿ ನನ್ನೆದುರು ಒಪ್ಪಿಕೊಂಡರು.

ಅಲ್ಲಿಂದ ದುರ್ಗಕ್ಕ ಮನೆಗೆ ಬರಲಿಲ್ಲ. ಸ್ಟ್ಯಾಂಡು ಕಂಕುಳಲ್ಲಿಟ್ಟುಕೊಂಡು ನೇರ ಹಂಪಿಗೆ ಹೋಗಿ, ಗಿರಾಕಿಗಳ ಎದುರೇ ಅಂಜಿನಯ್ಯನಿಗೆ ತಪ್ಪು ತಮ್ಮದೆಂದು ಹೇಳಿದರು. ವಾಲಿದ ಗಾಲಿಗಳನ್ನೆಲ್ಲ ಒಂದು ಪೈಸೆ ಮುಟ್ಟದೆ ಸರಿ ಮಾಡಿದರು. ಈಗ ಮೂವತ್ತೂ ಸೈಕಲ್ಲು ಬೇವಿನ ಮರದಡಿಗೇ ಬರುತ್ತವೆ. ನನಗೆ ಈ ಹೆಣ್ಣುಮಗಳ ಮೇಲೆ ಗೌರವ ಉಕ್ಕಿದ್ದು ಅಲ್ಲಿಯೇ.

ಹೊಸ ಸ್ಟ್ಯಾಂಡು ಸರಿಯಿದೆಯಲ್ಲ, ಈಗಲೂ ಪ್ರತಿ ಗಾಲಿ ತಿರುವಿ ನೋಡುವುದು ಯಾಕೆ ಎಂದು ಕೇಳುತ್ತೇನೆ. ದುರ್ಗಕ್ಕ ಕನ್ನಡಕ ಹಾಕಿಲ್ಲ. ಪೊರಕೆಕಡ್ಡಿ ಕೆಳಗಿಟ್ಟು, ರಸ್ತೆಯಲ್ಲಿ ಸಾಲಾಗಿ ಹೋಗುತ್ತಿರುವ ಅದಿರು ಲಾರಿಗಳತ್ತ ಒಮ್ಮೆ ನೋಡುತ್ತಾರೆ.

“ಎರಡ್ ತಿಂಗಳು ನನ್ನ ಕಣ್ಣಿನ ಮ್ಯಾಲೆ ಸಂಶಯ ಪಟ್ಟೇನ್ರಿ, ಕಬ್ಬಿಣದ ಮ್ಯಾಲೆ ಪಡಲಿಲ್ಲ. ಇನ್ ಮ್ಯಾಲೆ ಕಬ್ಬಿಣದ ಮ್ಯಾಲೆ ಪಡ್ತೀನಿ.”